ಹೊಸ ಫೋನ್‌ನ ಎಸ್‌ಎಆರ್ ಹಳೆಯದರ ಎರಡರಷ್ಟಿದೆ, ಅಪಾಯವೂ ಎರಡರಷ್ಟಾ?

ಓದುಗರ ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಮನೆಯಿಂದಲೇ ಕೆಲಸ, ದಿನಕ್ಕೆ ಮೂರ್ನಾಲ್ಕು ಗಂಟೆ ಫೋನ್‌ನಲ್ಲೇ ಮಾತು. ಹೋದ ತಿಂಗಳು ಹೊಸ ಫೋನ್ ತೆಗೆದುಕೊಂಡೆ. ಅದರ ಎಸ್‌ಎಆರ್ (ಫೋನಿನ ತರಂಗವನ್ನು ಮೈ ಎಷ್ಟು ಹೀರಿಕೊಳ್ಳುತ್ತದೆ ಅನ್ನುವ ಅಂಕಿ) 1.18 ಅಂತಿದೆ, ಹಳೆಯದರದ್ದು 0.59 ಇತ್ತು. ಅಂದರೆ ಎರಡು ಪಟ್ಟು ರೇಡಿಯೇಷನ್ ಅಲ್ವಾ? ಅರ್ಧ ಗಂಟೆ ಮಾತಾಡಿದರೆ ಕಿವಿ ಬಿಸಿಯಾಗುತ್ತದೆ, ತಲೆಯೊಳಗೆ ಏನಾಗುತ್ತಿದೆಯೋ ಅಂತ ಭಯ. ನಮ್ಮ ಬೆಡ್‌ರೂಮಿನಲ್ಲಿ ಸಿಗ್ನಲ್ ಒಂದೇ ಕಡ್ಡಿ. ಎದುರಿನ ಕಟ್ಟಡದ ಮೇಲೆ ಟವರ್ ಹಾಕಲು ಬಂದಿದ್ದರು, ನಾವೆಲ್ಲ ಸೇರಿ ಬೇಡ ಅಂತ ವಾಪಸ್ ಕಳಿಸಿದೆವು. ಏಳು ವರ್ಷದ ಮಗ ಸಂಜೆ ಒಂದು ಗಂಟೆ ಫೋನ್‌ನಲ್ಲಿ ವಿಡಿಯೋ ನೋಡುತ್ತಾನೆ. ಅತ್ತೆಗೆ ಪೇಸ್‌ಮೇಕರ್ ಇದೆ, ಅವರು ಫೋನನ್ನು ದಾರ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡುತ್ತಾರೆ. ನಾದಿನಿ ಎಲ್ಲರ ಫೋನಿಗೂ ರೇಡಿಯೇಷನ್ ತಡೆಯುವ ಸ್ಟಿಕ್ಕರ್ ತಂದು ಅಂಟಿಸಿದ್ದಾಳೆ. ರಾತ್ರಿ ಫೋನನ್ನು ದಿಂಬಿನ ಕೆಳಗೆ ಚಾರ್ಜಿಗೆ ಹಾಕಿ ಮಲಗುವುದು ನನ್ನ ಅಭ್ಯಾಸ. ಇದರಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಉತ್ತರ: ನೀವು ಕೇಳಿದ್ದು ಒಂದು ಪ್ರಶ್ನೆಯಲ್ಲ, ಏಳೆಂಟು. ನಾನು ಡಾಕ್ಟರ್ ಅಲ್ಲ. ರೇಡಿಯೋ ತರಂಗ ಅಳೆಯುವ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನು. ಆ ಅನುಭವದ ಮೇಲೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರ ಓದುವಾಗ ನನಗೆ ನಿಜವಾಗಿ ಗಾಬರಿಯಾದದ್ದು ಎರಡೇ ಕಡೆ: ಅತ್ತೆಯವರ ಕುತ್ತಿಗೆಯ ಫೋನ್, ನಿಮ್ಮ ದಿಂಬಿನ ಕೆಳಗಿನ ಚಾರ್ಜಿಂಗ್. ತಮಾಷೆ ಅಂದರೆ ಈ ಎರಡಕ್ಕೂ ರೇಡಿಯೋ ತರಂಗಕ್ಕೂ ಹೆಚ್ಚೇನೂ ಸಂಬಂಧ ಇಲ್ಲ. ಅವುಗಳಿಗೆ ಕೊನೆಗೆ ಬರುತ್ತೇನೆ, ಮೊದಲು ನಿಮ್ಮ ತಲೆ ತಿನ್ನುತ್ತಿರುವ ವಿಷಯ.

ರೇಡಿಯೇಷನ್ ಅನ್ನುವ ಪದವೇ ಅರ್ಧ ಭಯ ಹುಟ್ಟಿಸುತ್ತದೆ. ಎಕ್ಸ್‌ರೇಗೂ ಅದೇ ಪದ, ಅಣುಸ್ಥಾವರಕ್ಕೂ ಅದೇ ಪದ, ನಿಮ್ಮ ಕೋಣೆಯ ಬಲ್ಬಿನ ಬೆಳಕಿಗೂ ಅದೇ ಪದ. ಎಕ್ಸ್‌ರೇಯ ಒಂದೊಂದು ಕಣಕ್ಕೂ ಡಿಎನ್‌ಎಯ ಕೊಂಡಿ ಮುರಿಯುವಷ್ಟು ಶಕ್ತಿ ಇದೆ, ಅದಕ್ಕೇ ಗರ್ಭಿಣಿಯರಿಗೆ ಎಕ್ಸ್‌ರೇ ತೆಗೆಯುವ ಮುಂಚೆ ಹತ್ತು ಸಲ ಯೋಚಿಸುತ್ತಾರೆ. ಫೋನ್‌ಗಳು ಹೆಚ್ಚಾಗಿ ಕೆಲಸ ಮಾಡುವುದು 700ರಿಂದ 3,500 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅಲ್ಲಿನ ಒಂದು ಕಣಕ್ಕೆ ಬಲ್ಬಿನ ಬೆಳಕಿನ ಒಂದು ಕಣದ ಲಕ್ಷದಲ್ಲೊಂದು ಪಾಲು ಶಕ್ತಿಯೂ ಇರುವುದಿಲ್ಲ. ಕೊಂಡಿ ಮುರಿಯುವ ಮಾತು ಇಲ್ಲಿ ಬರುವುದೇ ಇಲ್ಲ. ಈ ತರಂಗಗಳು ಮೈಗೆ ಮಾಡುವುದು ಖಚಿತವಾಗಿ ಗೊತ್ತಿರುವ ಒಂದೇ ಕೆಲಸ, ಬಿಸಿ ಮಾಡುವುದು. ಮೈಕ್ರೋವೇವ್ ಓವನ್ನೂ ಇದೇ ಜಾತಿಯ ತರಂಗ ಬಳಸುತ್ತದೆ ನಿಜ. ಆದರೆ ಅದು ಮುಚ್ಚಿದ ಲೋಹದ ಡಬ್ಬಿಯೊಳಗೆ 700–800 ವ್ಯಾಟ್ ಸುರಿಯುತ್ತದೆ. ನಿಮ್ಮ 4ಜಿ ಫೋನ್ ಗಂಟಲು ಹರಿದುಕೊಂಡು ಕೂಗಿದರೂ 0.2 ವ್ಯಾಟ್.

ಹಾಗಾದರೆ ಕಿವಿ ಯಾಕೆ ಬಿಸಿಯಾಗುತ್ತದೆ? ಮನೆಯಲ್ಲೇ ಪರೀಕ್ಷೆ ಮಾಡಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಈಗ ಅದರಿಂದ ಮೊಬೈಲ್ ತರಂಗ ಹೊರಡುವುದಿಲ್ಲ. ಹಾಗೇ ಇಪ್ಪತ್ತು ನಿಮಿಷ ಯಾವುದಾದರೂ ಭಾರಿ ಗೇಮ್ ಆಡಿ, ಆಮೇಲೆ ಕಿವಿಗೆ ಒತ್ತಿಕೊಂಡು ನೋಡಿ. ಬಿಸಿ ಹಾಗೇ ಇರುತ್ತದೆ. ಅದು ಬ್ಯಾಟರಿ, ಪ್ರೊಸೆಸರ್ ಮತ್ತು ಸ್ಕ್ರೀನಿನ ಬಿಸಿ. ಜೊತೆಗೆ ಗಾಜಿನ ಹಲಗೆಯೊಂದನ್ನು ಕೆನ್ನೆಗೆ ಅಂಟಿಸಿಕೊಂಡರೆ ಚರ್ಮದ ಶಾಖ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ತರಂಗದಿಂದ ತಲೆಯೊಳಗೆ ಆಗುವ ಏರಿಕೆ ಡಿಗ್ರಿಯ ಒಂದು ಸಣ್ಣ ಭಾಗ ಮಾತ್ರ, ಹರಿಯುವ ರಕ್ತ ಅದನ್ನು ಅಲ್ಲೇ ಒಯ್ದುಬಿಡುತ್ತದೆ. ಬಿಸಿಲಲ್ಲಿ ಸುಮ್ನೆ ನಿಂತರೆ ಮೈಗೆ ಇದಕ್ಕಿಂತ ಜಾಸ್ತಿ ಕೆಲಸ ಬೀಳುತ್ತದೆ.

ಈಗ ಎಸ್‌ಎಆರ್. ಒಂದು ಕಿಲೋ ದೇಹ ಎಷ್ಟು ವ್ಯಾಟ್ ಹೀರಿಕೊಳ್ಳುತ್ತದೆ ಅನ್ನುವ ಲೆಕ್ಕ ಅದು. ಅಳೆಯುವ ರೀತಿ ಒಮ್ಮೆ ಕಣ್ಣಾರೆ ನೋಡಿದರೆ ಅರ್ಧ ಗೊಂದಲ ಹೋಗುತ್ತದೆ. ಲ್ಯಾಬಿನಲ್ಲಿ ಮನುಷ್ಯನ ತಲೆಯ ಆಕಾರದ ಟೊಳ್ಳು ಅಚ್ಚೊಂದು ಕೆನ್ನೆ ಕೆಳಗಾಗಿ ಮಲಗಿರುತ್ತದೆ. ಅದರೊಳಗೆ ಮೆದುಳಿನ ಹಾಗೆ ವರ್ತಿಸುವ ದ್ರವ. ಕೆನ್ನೆಯ ಜಾಗದಲ್ಲಿ ಕೆಳಗಿನಿಂದ ಫೋನನ್ನು ಕಚ್ಚಿಸಿ, ಅದು ತನ್ನ ಪೂರ್ತಿ ಶಕ್ತಿಯಲ್ಲಿ ಕೂಗುವಂತೆ ಮಾಡುತ್ತಾರೆ. ರೋಬೋ ಕೈಯೊಂದು ದ್ರವದೊಳಗೆ ಕಡ್ಡಿ ಆಡಿಸುತ್ತಾ ಎಲ್ಲಿ ಅತಿ ಜಾಸ್ತಿ ಹೀರಿಕೆ ಇದೆ ಅಂತ ಹುಡುಕುತ್ತದೆ. ಎಡಗೆನ್ನೆ, ಬಲಗೆನ್ನೆ, ಬೇರೆ ಬೇರೆ ಬ್ಯಾಂಡ್ (ಫೋನ್ ಬಳಸುವ ತರಂಗಗಳ ಗುಂಪು), ಎಲ್ಲ ಮುಗಿದ ಮೇಲೆ ಸಿಕ್ಕ ಅತಿ ಕೆಟ್ಟ ಒಂದು ಅಂಕಿಯನ್ನು ಬರೆದುಕೊಳ್ಳುತ್ತಾರೆ. ನಿಮ್ಮ 1.18 ಅದೇ.

ಅದು ಸ್ಪೀಡೋಮೀಟರಿನ ಕೊನೆಯ ಅಂಕಿ ಇದ್ದ ಹಾಗೆ. ಗಾಡಿ ದಿನಾ ಎಷ್ಟು ವೇಗದಲ್ಲಿ ಓಡುತ್ತದೆ ಅಂತ ಅದು ಹೇಳುವುದಿಲ್ಲ. 1.18ರ ಫೋನಿಗೆ ಒಳ್ಳೆಯ ಆಂಟೆನಾ ಇದ್ದು ಟವರ್ ಬೇಗ ಸಿಕ್ಕಿದರೆ, ದಿನದ ಲೆಕ್ಕದಲ್ಲಿ ಅದು 0.59ರ ಫೋನಿಗಿಂತ ಕಡಿಮೆಯೇ ಕೊಡಬಹುದು. ಅಮೆರಿಕದಲ್ಲಿ ಎಸ್‌ಎಆರ್‌ಗೆ ಮಿತಿ ಇಟ್ಟ ಸರ್ಕಾರಿ ಸಂಸ್ಥೆ ಎಫ್‌ಸಿಸಿಯೇ, ಎರಡು ಫೋನ್‌ಗಳಲ್ಲಿ ಯಾವುದು ಹೆಚ್ಚು ಸುರಕ್ಷಿತ ಅಂತ ಈ ಅಂಕಿ ನೋಡಿ ತೀರ್ಮಾನಿಸಬೇಡಿ ಅನ್ನುತ್ತದೆ. ಹಾಗಾಗಿ ಫೋನ್ ವಾಪಸ್ ಮಾಡುವ ಯೋಚನೆ ಇದ್ದರೆ ಬಿಡಿ. ಅನೇಕ ಫೋನ್‌ಗಳಲ್ಲಿ *#07# ಒತ್ತಿದರೆ ಈ ಮಾಹಿತಿ ತೆರೆದುಕೊಳ್ಳುತ್ತದೆ. ನೋಡಬೇಕಾದ್ದು ಒಂದೇ, ಅದು ಮಿತಿಯೊಳಗಿದೆಯಾ ಅಂತ.

ಮಿತಿ ಎಲ್ಲಿಂದ ಬಂತು ಅನ್ನುವುದೂ ಮುಖ್ಯ. ಐಸಿಎನ್‌ಐಆರ್‌ಪಿ ಅನ್ನುವ ಅಂತರರಾಷ್ಟ್ರೀಯ ತಜ್ಞರ ಆಯೋಗ 1998ರಲ್ಲಿ ಮಾರ್ಗಸೂಚಿ ಕೊಟ್ಟಿತು, 2020ರಲ್ಲಿ ಅದನ್ನು ಪರಿಷ್ಕರಿಸಿತು. ಇಡೀ ಮೈ ಕಿಲೋಗೆ 4 ವ್ಯಾಟ್ ಹೀರಿಕೊಂಡರೆ ಒಳಗಿನ ತಾಪ ಸುಮಾರು 1 ಡಿಗ್ರಿ ಏರಬಹುದು, ತೊಂದರೆ ಶುರುವಾಗುವುದು ಅಲ್ಲಿ ಅಂತ ಇಟ್ಟುಕೊಂಡು, ಜನಸಾಮಾನ್ಯರಿಗೆ ಅದನ್ನು 50ರಿಂದ ಭಾಗಿಸಿ 0.08 ಅಂತ ಗೆರೆ ಎಳೆದರು. ಫೋನ್ ಬಿಸಿ ಮಾಡುವುದು ಇಡೀ ಮೈಯನ್ನಲ್ಲ, ತಲೆಯ ಒಂದು ಬದಿಯನ್ನು. ಅದಕ್ಕೆ ಬೇರೆ ಗೆರೆ: 10 ಗ್ರಾಂ ಊತಕದ ಸರಾಸರಿಯಲ್ಲಿ ಕಿಲೋಗೆ 2 ವ್ಯಾಟ್. ಇಲ್ಲೂ ತೊಂದರೆಯ ಮಟ್ಟಕ್ಕಿಂತ 10 ಪಟ್ಟು ಕೆಳಗೆ ನಿಂತಿದ್ದಾರೆ. ಯುರೋಪ್ ಇದನ್ನು ಅನುಸರಿಸುತ್ತದೆ. ಅಮೆರಿಕ 1 ಗ್ರಾಂ ಸರಾಸರಿಯಲ್ಲಿ 1.6 ಅನ್ನುತ್ತದೆ, ಭಾರತವೂ 2012ರ ಸೆಪ್ಟೆಂಬರ್‌ನಿಂದ ಅದೇ 1.6ಕ್ಕೆ ಬಂದಿದೆ. ನಿಮ್ಮ ಎರಡೂ ಫೋನ್‌ಗಳು ಎರಡೂ ಗೆರೆಯ ಕೆಳಗೇ ಇವೆ.

ಈ ಗೆರೆ ಬರೀ ಕಾಗದದ ಮೇಲಿನದಾ ಅಂತ ಕೇಳಿದರೆ, 2023ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ಫ್ರಾನ್ಸಿನ ತರಂಗ ನಿಯಂತ್ರಕರು ಐಫೋನ್ 12ನ್ನು ಕೈಯಲ್ಲಿ ಹಿಡಿದಂತೆ ಇಟ್ಟು ಅಳೆದಾಗ 5.74 ಬಂತು, ಕೈಕಾಲಿಗೆ ಅಲ್ಲಿ ಇರುವ ಮಿತಿ 4. ಮಾರಾಟ ನಿಲ್ಲಿಸಿ ಅಂದರು. ಆಪಲ್ ಸಾಫ್ಟ್‌ವೇರ್ ಅಪ್‌ಡೇಟ್ ಕೊಟ್ಟು ಸರಿಮಾಡಿತು. ಮಿತಿ ದಾಟಿದ್ದು ತಪ್ಪೇ, ಹಾಗಂತ ಅದನ್ನು ಹಿಡಿದವರ ಕೈ ಸುಟ್ಟುಹೋಯಿತು ಅಂತಲ್ಲ. ಗೆರೆಗೂ ಅಪಾಯಕ್ಕೂ ನಡುವೆ ಜಾಗ ಬಿಟ್ಟಿರುವುದು ಇಂಥದ್ದಕ್ಕೇ.

ನಿಮ್ಮ ಪತ್ರದಲ್ಲಿ ನೀವು ಒಂದೇ ಸಾಲಿನಲ್ಲಿ ದಾಟಿಹೋದ ವಿಷಯ ಒಂದಿದೆ, ಅಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಬೆಡ್‌ರೂಮಿನಲ್ಲಿ ಒಂದೇ ಕಡ್ಡಿ ಸಿಗ್ನಲ್.

ಫೋನ್ ಯಾವಾಗಲೂ ಒಂದೇ ಶಕ್ತಿಯಲ್ಲಿ ಕೆಲಸ ಮಾಡುವುದಿಲ್ಲ. ಟವರ್ ಅದಕ್ಕೆ ಕ್ಷಣಕ್ಷಣಕ್ಕೂ ಹೇಳುತ್ತಿರುತ್ತದೆ, ಕೇಳಿಸುತ್ತಿದೆ ಮೆಲ್ಲಗೆ ಮಾತಾಡು, ಕೇಳಿಸುತ್ತಿಲ್ಲ ಜೋರಾಗಿ ಮಾತಾಡು ಅಂತ. 3ಜಿಯಲ್ಲಿ ಈ ಹೇಳಿಕೆ ಸೆಕೆಂಡಿಗೆ 1,500 ಸಲ ಬರುತ್ತದೆ. ಟವರ್ ಚೆನ್ನಾಗಿ ಸಿಗುವ ಕಡೆ 4ಜಿ ಫೋನ್ ತನ್ನ ಗರಿಷ್ಠ ಶಕ್ತಿಯ ಸಾವಿರದಲ್ಲೊಂದು ಪಾಲಿಗೂ ಕೆಳಗೆ ಇಳಿಯಬಲ್ಲದು. ಲಿಫ್ಟಿನಲ್ಲಿ, ನೆಲಮಾಳಿಗೆಯಲ್ಲಿ, ಒಂದೇ ಕಡ್ಡಿಯ ಬೆಡ್‌ರೂಮಿನಲ್ಲಿ ಅದೇ ಫೋನ್ ಪೂರ್ತಿ 0.2 ವ್ಯಾಟಿಗೆ ಏರಿ ನಿಲ್ಲುತ್ತದೆ. ಬ್ಯಾಟರಿ ಬೇಗ ಖಾಲಿಯಾಗುವುದೂ ಅದಕ್ಕೇ. ಹಳೇ 2ಜಿಗೆ ಜಾರಿದರೆ ಇನ್ನೂ ಕೆಟ್ಟದು, 900 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಅದು 2 ವ್ಯಾಟಿನ ಸಣ್ಣ ಸಣ್ಣ ಏಟುಗಳಲ್ಲಿ ಮಾತಾಡುತ್ತದೆ, ಸರಾಸರಿ ತೆಗೆದರೂ ಕಾಲು ವ್ಯಾಟ್.

ಒಮ್ಮೆ ಟವರ್ ಬೇಡ ಅಂತ ದೂರು ಕೊಟ್ಟಿದ್ದ ಒಬ್ಬರ ಮನೆಗೆ ಮೀಟರ್ ಹಿಡಿದು ಹೋಗಿದ್ದೆ. ನಾಲ್ಕನೇ ಮಹಡಿ, ಕಿಟಕಿ ತೆಗೆದರೆ ಎದುರಿಗೇ ಆಂಟೆನಾ. ಕಿಟಕಿ ಬಳಿ ಅಳೆದೆ, ಬಾಲ್ಕನಿಯಲ್ಲಿ ಅಳೆದೆ. ಅಂಕಿ ಮಿತಿಯ ಹತ್ತಿರವೂ ಇರಲಿಲ್ಲ. ಅವರಿಗೆ ನಂಬಿಕೆ ಬರಲಿಲ್ಲ, ನಿಮ್ಮ ಮೆಷಿನ್ನೇ ಕೆಟ್ಟಿರಬೇಕು ಅಂದರು. ವಾದ ಮಾಡುತ್ತಾ ಒಳಗಿನ ಪ್ಯಾಸೇಜಿಗೆ ಬಂದೆವು. ಅಲ್ಲಿ ಅವರಿಗೊಂದು ಕರೆ ಬಂತು. ಕಿವಿಗಿಟ್ಟು ಹಲೋ ಅಂದರು, ನನ್ನ ಕೈಯಲ್ಲಿದ್ದ ಮೀಟರ್ ಕಿರುಚಿಕೊಂಡಿತು. ಬಾಲ್ಕನಿಯ ಅಂಕಿಯ ಎಷ್ಟೋ ಪಟ್ಟು ಮೇಲಕ್ಕೆ ಹಾರಿತ್ತು. ಅವರು ಒಮ್ಮೆ ಮೀಟರ್ ನೋಡಿದರು, ಒಮ್ಮೆ ಫೋನ್ ನೋಡಿದರು, ಆಮೇಲೆ ಮಾತಾಡುತ್ತಲೇ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದುಕೊಂಡರು!

ಟವರಿನ ಆಂಟೆನಾ ತನ್ನ ಶಕ್ತಿಯನ್ನು ಕಾರಿನ ಹೆಡ್‌ಲೈಟ್ ಹಾಗೆ ಮುಂದಕ್ಕೆ, ಸ್ವಲ್ಪ ಕೆಳಕ್ಕೆ ಬಾಗಿಸಿ ಎಸೆಯುತ್ತದೆ. ಜನ ಇರುವ ಜಾಗ ಮುಟ್ಟುವ ಹೊತ್ತಿಗೆ ಅದು ಹರಡಿ ತೆಳ್ಳಗಾಗಿರುತ್ತದೆ. ಟವರ್‌ಗಳ ಸುತ್ತ ಅಳೆದ ಮಟ್ಟ ಅಂತರರಾಷ್ಟ್ರೀಯ ಮಿತಿಯ ಶೇ. 0.002ರಿಂದ ಶೇ. 2ರವರೆಗೆ ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲೇ ಹೇಳಿತ್ತು. ಹುಷಾರಾಗಿರಬೇಕಾದ್ದು ತಾರಸಿಯಲ್ಲಿ ಆಂಟೆನಾದ ಮುಖದೆದುರು, ಅದೇ ಎತ್ತರದಲ್ಲಿ, ಕೆಲವೇ ಮೀಟರ್ ದೂರದಲ್ಲಿ. ಅಲ್ಲಿ ಎಚ್ಚರಿಕೆಯ ಬೋರ್ಡ್ ಇದ್ದರೆ ಅದನ್ನು ದಾಟಿ ಬಟ್ಟೆ ಒಣಗಿಸಲು ಹೋಗಬೇಡಿ. ಉಳಿದಂತೆ, ನೀವೆಲ್ಲ ಸೇರಿ ಟವರನ್ನು ವಾಪಸ್ ಕಳಿಸಿದ್ದರಿಂದ ನಿಮ್ಮ ಕಿವಿಯ ಪಕ್ಕದ ಫೋನ್ ಇನ್ನೂ ಜೋರಾಗಿ ಕೂಗುತ್ತಿದೆ. ಬೇಜಾರಾಗಬೇಡಿ, ಈ ತಪ್ಪನ್ನು ಬಹಳ ಜನ ಮಾಡುತ್ತಾರೆ.

ಕ್ಯಾನ್ಸರ್ ಅನ್ನುವ ಮಾತನ್ನು ನೀವು ಬರೆದಿಲ್ಲ, ಆದರೆ ತಲೆಯೊಳಗೆ ಏನಾಗುತ್ತಿದೆಯೋ ಅಂದರೆ ಅದೇ ತಾನೇ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಐಎಆರ್‌ಸಿ ರೇಡಿಯೋ ತರಂಗಗಳನ್ನು 2ಬಿ ಪಟ್ಟಿಗೆ ಸೇರಿಸಿತು. ಬಹುಶಃ ಕ್ಯಾನ್ಸರ್‌ಕಾರಕ ಇದ್ದರೂ ಇರಬಹುದು ಅಂತ ಅದರ ಅರ್ಥ. ಅದೇ ಪಟ್ಟಿಯಲ್ಲಿ ಲೋಳೆಸರದ ಇಡೀ ಎಲೆಯ ಸಾರವೂ ಇದೆ. ತಂಬಾಕು ಇರುವುದು 1ನೇ ಪಟ್ಟಿಯಲ್ಲಿ. ಈ ಪಟ್ಟಿಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತಲ್ಲ. ಇದನ್ನು ತಪ್ಪು ಓದಿಯೇ ಅರ್ಧ ಫಾರ್ವರ್ಡ್ ಮೆಸೇಜ್‌ಗಳು ಹುಟ್ಟುವುದು.

ಆ ತೀರ್ಮಾನಕ್ಕೆ ಮುಖ್ಯ ಕಾರಣವಾದವುಗಳಲ್ಲಿ ಒಂದು ಇಂಟರ್‌ಫೋನ್ ಅಧ್ಯಯನ, 13 ದೇಶಗಳದ್ದು, 2010ರಲ್ಲಿ ಬಂತು. ಅತಿ ಹೆಚ್ಚು ಮಾತಾಡಿದ ಹತ್ತನೇ ಒಂದು ಭಾಗದ ಜನರಲ್ಲಿ, ಅಂದರೆ ಒಟ್ಟು 1,640 ಗಂಟೆ ದಾಟಿದವರಲ್ಲಿ, ಗ್ಲಯೋಮಾ ಅನ್ನುವ ಮೆದುಳು ಗೆಡ್ಡೆ ಶೇ. 40ರಷ್ಟು ಜಾಸ್ತಿ ಕಂಡಿತು. ಭಯ ಆಗುತ್ತದೆ ಅಲ್ವಾ? ಈಗ ಅದೇ ಅಧ್ಯಯನದ ಇನ್ನೊಂದು ಸಾಲು ಕೇಳಿ: ಫೋನನ್ನು ನಿಯಮಿತವಾಗಿ ಬಳಸುವವರಲ್ಲಿ ಒಟ್ಟಾರೆ ಗೆಡ್ಡೆ ಬಳಸದವರಿಗಿಂತ ಕಡಿಮೆ ಕಂಡಿತು. ಫೋನ್ ಮೆದುಳನ್ನು ಕಾಪಾಡುತ್ತದೆ ಅಂತ ಯಾರೂ ಹೇಳುವುದಿಲ್ಲ. ರೋಗ ಬಂದವರನ್ನು ಕೂರಿಸಿ ಹತ್ತು ವರ್ಷದ ಹಿಂದೆ ದಿನಕ್ಕೆಷ್ಟು ಮಾತಾಡುತ್ತಿದ್ದಿರಿ ಅಂತ ಕೇಳಿದರೆ ನೆನಪು ಹೀಗೇ ಆಟ ಆಡುತ್ತದೆ. ನನ್ನನ್ನು ಹೋದ ವಾರದ ಲೆಕ್ಕ ಕೇಳಿದರೂ ತಪ್ಪೇ ಹೇಳುತ್ತೇನೆ. ಆಮೇಲೆ 14 ದೇಶಗಳ ಮಕ್ಕಳು ಮತ್ತು ಹರೆಯದವರ ಮೇಲೆ ಮೊಬಿ-ಕಿಡ್ಸ್ ಅಂತ ಅಧ್ಯಯನ ನಡೆಯಿತು, ಮೆದುಳು ಗೆಡ್ಡೆ ಹೆಚ್ಚಿದ್ದು ಕಾಣಲಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆ 63 ಪ್ರಬಂಧಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹತ್ತು ವರ್ಷಕ್ಕೂ ಮೀರಿ ಬಳಸಿದವರಲ್ಲೂ ನಂಟು ಸಿಗಲಿಲ್ಲ. ಐಎಆರ್‌ಸಿ ತನ್ನ 2011ರ ತೀರ್ಮಾನವನ್ನು ಮತ್ತೆ ತೆಗೆದು ನೋಡಬೇಕು ಅಂತ ಅದರ ಸಲಹಾ ತಂಡವೇ ಹೇಳಿದೆ.

ಹೊಟ್ಟೆಯಲ್ಲಿರುವ ಮಗು? ಈ ತರಂಗಗಳ ಶಕ್ತಿ ಬಹುಪಾಲು ಮೈಯ ಮೇಲಿನ ಕೆಲವೇ ಸೆಂಟಿಮೀಟರ್‌ಗಳಲ್ಲಿ ಮುಗಿದುಹೋಗುತ್ತದೆ. ಫೋನ್ ಕಿವಿಯ ಹತ್ತಿರ ಇದ್ದಾಗ ಮಗುವಿನವರೆಗೆ ಲೆಕ್ಕಕ್ಕೆ ಸಿಗುವಂಥದ್ದೇನೂ ತಲುಪುವುದಿಲ್ಲ. ಲ್ಯಾಪ್‌ಟಾಪನ್ನೋ ಹಾಟ್‌ಸ್ಪಾಟ್ ಹಾಕಿದ ಫೋನನ್ನೋ ಹೊಟ್ಟೆಯ ಮೇಲೆ ಇಟ್ಟುಕೊಂಡು ಗಂಟೆಗಟ್ಟಲೆ ಕೂರುವ ಅಭ್ಯಾಸ ಇದ್ದರೆ ಮಾತ್ರ ಅದನ್ನು ಟೇಬಲ್ಲಿಗೆ ವರ್ಗಾಯಿಸಿ, ಬೆನ್ನಿಗೂ ಒಳ್ಳೆಯದು.

ಮಗ ವಿಡಿಯೋ ನೋಡುವಾಗ ಫೋನ್ ಹೆಚ್ಚಾಗಿ ಕೇಳಿಸಿಕೊಳ್ಳುತ್ತಿರುತ್ತದೆ, ಮಾತಾಡುವುದು ಕಡಿಮೆ, ಮತ್ತು ಅದು ಅವನ ಮುಖದಿಂದ ಒಂದಡಿ ದೂರ ಇರುತ್ತದೆ. ಫೋನ್ ಜಾಸ್ತಿ ಕಳಿಸುವುದು ಕರೆ, ವಿಡಿಯೋ ಕಾಲ್, ಅಪ್‌ಲೋಡ್, ಹಾಟ್‌ಸ್ಪಾಟ್ ಇಂಥದ್ದರಲ್ಲಿ. ವಿಡಿಯೋವನ್ನು ಮೊದಲೇ ಇಳಿಸಿ ಏರ್‌ಪ್ಲೇನ್ ಮೋಡ್‌ನಲ್ಲಿ ಕೊಟ್ಟರೆ ಅದೂ ಇಲ್ಲ. ಅವನ ಕಣ್ಣು, ನಿದ್ದೆಯ ಬಗ್ಗೆ ಚಿಂತೆ ಇದ್ದರೆ ಅದು ನ್ಯಾಯವಾದ ಚಿಂತೆ, ಆದರೆ ನನ್ನ ಮೀಟರಿಗೆ ಸಂಬಂಧಿಸಿದ್ದಲ್ಲ.

ಕಡಿಮೆ ಮಾಡಿಕೊಳ್ಳಬೇಕು ಅನ್ನಿಸಿದರೆ ದಾರಿ ಬಹಳ ಸುಲಭ. ದೂರ. ದೂರ ಎರಡರಷ್ಟಾದರೆ ತೀವ್ರತೆ ಕಾಲುಭಾಗಕ್ಕೆ ಬೀಳುತ್ತದೆ. ಚರ್ಮಕ್ಕೆ ತೀರಾ ಹತ್ತಿರ ಈ ಲೆಕ್ಕ ಕರಾರುವಾಕ್ಕಾಗಿ ಕೂರುವುದಿಲ್ಲ, ಆದರೂ ಕುಸಿತ ಜೋರಾಗಿಯೇ ಇರುತ್ತದೆ. ನಾಲ್ಕು ಗಂಟೆ ಮಾತಾಡುವವರು ನೀವು, ಒಂದು ಇಯರ್‌ಫೋನ್ ಹಾಕಿಕೊಂಡು ಫೋನನ್ನು ಕಿಟಕಿ ಬಳಿ ಟೇಬಲ್ ಮೇಲೆ ಇಟ್ಟುಬಿಡಿ. ವೈರ್ ಇದ್ದರೂ ಆಗುತ್ತದೆ, ಬ್ಲೂಟೂತ್ ಆದರೂ ಆಗುತ್ತದೆ. ಕಿವಿಗೆ ಹಾಕುವ ಬ್ಲೂಟೂತ್ ಸಾಮಾನ್ಯವಾಗಿ ಕೆಲವೇ ಮಿಲಿವ್ಯಾಟ್, ಫೋನಿನ ಗರಿಷ್ಠ 200 ಮಿಲಿವ್ಯಾಟ್. ನನಗೆ ಇಯರ್‌ಫೋನ್ ಹಿಡಿಸುವುದಿಲ್ಲ, ಸ್ಪೀಕರ್ ಹಾಕುತ್ತೇನೆ, ಮನೆಯವರಿಗೆಲ್ಲ ನನ್ನ ಆಫೀಸಿನ ಜಗಳ ಗೊತ್ತು. ಬೆಡ್‌ರೂಮಿನಲ್ಲಿ ವೈಫೈ ಚೆನ್ನಾಗಿದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಫೋನ್ ದೂರದ ಟವರಿಗೆ ಕೂಗುವುದು ಬಿಟ್ಟು ಪಕ್ಕದ ಕೋಣೆಯ ರೂಟರ್ ಜೊತೆ ಪಿಸುಗುಟ್ಟುತ್ತದೆ. ನಿಮ್ಮ ಮನೆಯ ಮಟ್ಟಿಗೆ ನಾನು ಹೇಳುವ ಎಲ್ಲದರಲ್ಲಿ ಇದೇ ಹೆಚ್ಚು ಕೆಲಸಕ್ಕೆ ಬರುವುದು.

ಸ್ಟಿಕ್ಕರ್ ಕಿತ್ತು ಹಾಕಿ. ಅದು ತರಂಗ ತಡೆಯದಿದ್ದರೆ ದುಡ್ಡು ದಂಡ. ನಿಜವಾಗಿ ತಡೆದರೆ ಇನ್ನೂ ಕೆಟ್ಟದು, ಟವರಿಗೆ ಕೇಳಿಸಲಿಲ್ಲ ಅಂತ ಫೋನ್ ಶಕ್ತಿ ಏರಿಸುತ್ತದೆ. ಅಮೆರಿಕದ ಗ್ರಾಹಕ ರಕ್ಷಣೆಯ ಸಂಸ್ಥೆ ಎಫ್‌ಟಿಸಿ ಇದೇ ಕಾರಣ ಕೊಟ್ಟು ಜನರನ್ನು ಎಚ್ಚರಿಸಿದೆ. ನಾದಿನಿಗೆ ಬೇಸರ ಆಗದ ಹಾಗೆ ಹೇಗೆ ಕೀಳುವುದು ಅನ್ನುವುದು ನಿಮಗೆ ಬಿಟ್ಟದ್ದು.

ಈಗ ದಿಂಬು. ರಾತ್ರಿ ಸುಮ್ಮನಿರುವ ಫೋನ್ ಆಗಾಗ ಒಮ್ಮೆ ಟವರಿಗೆ ನಾನಿಲ್ಲಿದ್ದೇನೆ ಅನ್ನುತ್ತದೆ, ತರಂಗದ ಲೆಕ್ಕದಲ್ಲಿ ಅದು ಏನೂ ಅಲ್ಲ. ನನ್ನ ಚಿಂತೆ ಲಿಥಿಯಂ ಬ್ಯಾಟರಿಯದ್ದು. ಚಾರ್ಜ್ ಆಗುವಾಗ ಅದು ಬಿಸಿಯಾಗುತ್ತದೆ, ದಿಂಬು ಹಾಸಿಗೆಗಳ ನಡುವೆ ಆ ಬಿಸಿ ಹೊರಗೆ ಹೋಗುವುದಿಲ್ಲ. ಒಳಗೆ ಪೆಟ್ಟು ಬಿದ್ದ ಸೆಲ್ ಇದ್ದರೆ ಬಿಸಿಯಿಂದ ಬಿಸಿ ಹುಟ್ಟಿ ಹೊತ್ತಿಕೊಳ್ಳಬಹುದು, ಅದೂ ನಿಮ್ಮ ಕೂದಲಿನ ಪಕ್ಕದಲ್ಲಿ. ಹಿಂಬದಿ ಉಬ್ಬಿದ್ದರೆ, ಸ್ಕ್ರೀನ್ ಅಂಚಿನಲ್ಲಿ ಎದ್ದಿದ್ದರೆ ಆ ಫೋನನ್ನು ಚಾರ್ಜಿಗೇ ಹಾಕಬೇಡಿ. ಇವತ್ತು ರಾತ್ರಿಯಿಂದಲೇ ಚಾರ್ಜಿಂಗ್ ಗಟ್ಟಿ ಟೇಬಲ್ ಮೇಲೆ.

ಅತ್ತೆಯವರ ವಿಷಯ. ಪೇಸ್‌ಮೇಕರ್‌ನಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ, ಮ್ಯಾಗ್ನೆಟ್ ಹತ್ತಿರ ಬಂದರೆ ಅದು ಕೆಲಸ ಮಾಡುತ್ತದೆ. ಡಾಕ್ಟರ್‌ಗಳು ಪರೀಕ್ಷೆಗೆಂದು ಎದೆಯ ಮೇಲೆ ಮ್ಯಾಗ್ನೆಟ್ ಇಟ್ಟಾಗ ಪೇಸ್‌ಮೇಕರ್ ಹೃದಯದ ಮಾತು ಕೇಳುವುದು ಬಿಟ್ಟು ಒಂದೇ ಲಯದಲ್ಲಿ ಬಡಿಯಲು ಶುರುಮಾಡುತ್ತದೆ. ಶಾಕ್ ಕೊಡುವ ಐಸಿಡಿ ಯಂತ್ರವಾದರೆ ಶಾಕ್ ಕೊಡುವುದನ್ನೇ ನಿಲ್ಲಿಸಿಬಿಡಬಹುದು. ಈಗಿನ ಎಷ್ಟೋ ಫೋನ್‌ಗಳ ಬೆನ್ನಲ್ಲಿ ಚಾರ್ಜರ್ ಅಂಟಿಕೊಳ್ಳಲು ಅಂತ ಮ್ಯಾಗ್ನೆಟ್ ಉಂಗುರ ಇದೆ. ಇಯರ್‌ಬಡ್ ಡಬ್ಬಿಯಲ್ಲೂ ಇದೆ, ಮುಚ್ಚಿ ತೆಗೆಯುವ ಕವರ್‌ಗಳಲ್ಲೂ ಇದೆ. ಕುತ್ತಿಗೆಗೆ ನೇತುಹಾಕಿದರೆ ಅದು ಸರಿಯಾಗಿ ಎಲ್ಲಿ ಬಂದು ಕೂರುತ್ತದೆ ಅಂತ ನೀವೇ ನೋಡಿ. ದೂರ ಸರಿಸಿದ ಕೂಡಲೇ ಪೇಸ್‌ಮೇಕರ್ ಮೊದಲಿನಂತಾಗುತ್ತದೆ, ಹಾಗಾಗಿ ಹೆದರಿಸಬೇಡಿ. ಆದರೆ ದಾರ ಇವತ್ತೇ ತೆಗೆಸಿ. ಫೋನಿಗೂ ಪೇಸ್‌ಮೇಕರ್‌ಗೂ ಕನಿಷ್ಠ 15 ಸೆಂಟಿಮೀಟರ್ ಅಂತರ ಇರಲಿ, ವೈರ್‌ಲೆಸ್ ಚಾರ್ಜಿಂಗ್ ಮೇಲಿದ್ದರೆ 30. ಎದೆಯ ಜೇಬು ಬೇಡ. ಪೇಸ್‌ಮೇಕರ್ ಎಡಗಡೆ ಇದ್ದರೆ ಫೋನ್ ಬಲಗಿವಿಗೆ. ಮುಂದಿನ ತಪಾಸಣೆಗೆ ಹೋದಾಗ ಆ ಫೋನನ್ನೇ ತೆಗೆದುಕೊಂಡು ಹೋಗಿ ಹೃದಯದ ಡಾಕ್ಟರಿಗೆ ತೋರಿಸಿ.

ಅಲ್ಲಿಯವರೆಗೆ ಒಂದು ಪೇಪರ್ ಕ್ಲಿಪ್ ತೆಗೆದುಕೊಂಡು ಅವರ ಫೋನಿನ ಬೆನ್ನಿಗೆ, ಕವರಿನ ಮುಚ್ಚಳಕ್ಕೆ ಹಿಡಿದು ನೋಡಿ. ಕವರಿಗೆ ಅಂಟಿಕೊಂಡರೆ ಕವರ್ ಬದಲಿಸಿ. ಫೋನಿಗೇ ಅಂಟಿಕೊಂಡರೆ, ನಿಮ್ಮ ಆ 0.59ರ ಹಳೇ ಫೋನಿಗೂ ಕ್ಲಿಪ್ ಹಿಡಿದು ನೋಡಿ, ಅಂಟದಿದ್ದರೆ ಅದನ್ನೇ ಅವರಿಗೆ ಕೊಡಿ.